ಡೇಟಾ, ನೆಟ್‌ವರ್ಕ್, ಕೊಡಗಿನ ಮಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಕೌಂಟರಿನ ಹಿಂದೆ ಕೂತವರ ಮುಂದೆ ಬರುವ ಪ್ರಶ್ನೆಗಳಿವು. ಕೇಳುವವರು ತೋಟದ ರೈಟರ್‌ಗಳು, ಹೋಂಸ್ಟೇ ನಡೆಸುವವರು, ಸೈನ್ಯದಿಂದ ನಿವೃತ್ತರಾಗಿ ಬಂದವರು, ಕಾಲೇಜು ಮಕ್ಕಳು. ಮಾತು ಕೆಟ್ಟುಹೋದ ಪೆನ್‌ಡ್ರೈವಿನಿಂದ ಶುರುವಾದರೂ ಸರಿಯಾದ ಉತ್ತರ ಕೊಡಬೇಕಾದರೆ ಸ್ವಲ್ಪ ಇತಿಹಾಸಕ್ಕೆ ಕೈಹಾಕಲೇಬೇಕು. ಎಷ್ಟು ಹಿಡಿಯುತ್ತದೆ, ಎಷ್ಟು ವೇಗವಾಗಿ ಓಡುತ್ತದೆ ಎನ್ನುವುದಕ್ಕಿಂತ ಮಳೆ ಜಡಿಯುವ ಕಕ್ಕಡ ತಿಂಗಳು ಕಳೆದ ಮೇಲೂ ಇರುತ್ತದೆಯೇ ಎನ್ನುವುದೇ ನನಗೆ ದೊಡ್ಡದು. ಉತ್ತರಗಳೆಲ್ಲ ಆ ಕಡೆಗೇ ವಾಲಿದ್ದರೆ ಆಶ್ಚರ್ಯಪಡಬೇಡಿ.

ಅಟ್ಟದಲ್ಲಿ ಒಂದು ಡಬ್ಬದ ತುಂಬ ಫ್ಲಾಪಿ ಸಿಕ್ಕಿವೆ. ಅದರಲ್ಲಿರುವುದನ್ನು ತೆಗೆಯಬಹುದೇ?

ಪ್ರಯತ್ನಿಸಬಹುದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ತೆಳು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಕಾಂತೀಯ ಪುಡಿ ಬಳಿದರೆ ಅದೇ ಫ್ಲಾಪಿ. ಅಮೆರಿಕದ ಐಬಿಎಂ ಕಂಪನಿ 1971ರಲ್ಲಿ ಹೊರತಂದ ಮೊದಲ ಫ್ಲಾಪಿ 8 ಇಂಚು ಅಗಲವಿತ್ತು. 1976ರಲ್ಲಿ ಐದೂಕಾಲು ಇಂಚಿನದು ಬಂತು. 1981ರಲ್ಲಿ ಸೋನಿ ಮೂರೂವರೆ ಇಂಚಿನ ಗಟ್ಟಿ ಕವಚದ್ದನ್ನು ತಂದಿತು, 1987ರಿಂದ ಅದರಲ್ಲಿ 1.44 ಎಂಬಿ ಹಿಡಿಯತೊಡಗಿತು. ನಮ್ಮ ಅಟ್ಟಗಳಲ್ಲಿ ಸಿಗುವುದು ಬಹುಪಾಲು ಈ ಕೊನೆಯದೇ.

ಮೊದಲು ಲೋಹದ ಮುಚ್ಚಳವನ್ನು ಬೆರಳಿನಿಂದ ಸರಿಸಿ ಬೆಳಕಿಗೆ ಹಿಡಿಯಿರಿ. ಬಿಲ್ಲೆಯ ಮೇಲೆ ಬಿಳಿ ಚುಕ್ಕೆ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಅದನ್ನು ಹಾಗೇ ಡ್ರೈವಿಗೆ ತುರುಕಿದರೆ ಓದುವ ಹೆಡ್ ಕೊಳೆಯಾಗಿ, ಆಮೇಲೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರಿಹಾಕುತ್ತದೆ. ಹಾಗಾಗಿ ಚೆನ್ನಾಗಿ ಕಾಣುವುದನ್ನು ಮೊದಲು ಓದಿಸಿ, ಬೂಷ್ಟು ಹಿಡಿದದ್ದನ್ನು ಕೊನೆಗೆ ಇಡಿ. ಫ್ಲಾಪಿಯ ಮೂಲೆಯ ಪುಟ್ಟ ಕಿಟಕಿಯನ್ನು ತೆರೆದಿಟ್ಟರೆ ಕಂಪ್ಯೂಟರ್ ಅದರ ಮೇಲೆ ಏನನ್ನೂ ಬರೆಯಲಾರದು. ಮೂರೂವರೆ ಇಂಚಿನದಕ್ಕೆ ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕು. ಐದೂಕಾಲು ಇಂಚಿನದಾದರೆ ಹಳೆಯ ಕಂಪ್ಯೂಟರನ್ನೇ ಹುಡುಕಬೇಕು.

ಫ್ಲಾಪಿಗೂ ಮೊದಲು ಏನಿತ್ತು?

ರಟ್ಟಿನ ಕಾರ್ಡುಗಳಿದ್ದವು. ಹರ್ಮನ್ ಹಾಲೆರಿತ್ 1890ರ ಅಮೆರಿಕದ ಜನಗಣತಿಯ ಲೆಕ್ಕವನ್ನು ತೂತು ಹೊಡೆದ ಕಾರ್ಡುಗಳಲ್ಲಿ ಮುಗಿಸಿದ. 1928ರಲ್ಲಿ ಐಬಿಎಂ ಒಂದು ಕಾರ್ಡಿಗೆ 80 ಕಾಲಂ ಎಂದು ನಿಗದಿ ಮಾಡಿತು, ಅಂದರೆ ಒಂದು ಕಾರ್ಡಿಗೆ 80 ಅಕ್ಷರ. ಮೇಲೆ ಹೇಳಿದ ಒಂದು 1.44 ಎಂಬಿ ಫ್ಲಾಪಿಯನ್ನು ಕಾರ್ಡಿಗೆ ಇಳಿಸಬೇಕೆಂದರೆ 18,000ಕ್ಕೂ ಹೆಚ್ಚು ಕಾರ್ಡು ಬೇಕು. 1951ರಲ್ಲಿ ಯೂನಿವ್ಯಾಕ್ ಕಂಪ್ಯೂಟರಿನ ಜೊತೆಗೆ ಕಾಂತೀಯ ಟೇಪು ಬಂತು. ಜಾಗವೇನೋ ಸಿಕ್ಕಿತು, ಆದರೆ ನಡುವಿನ ಒಂದೇ ಒಂದು ಲೆಕ್ಕ ಬೇಕಾದರೂ ಅಲ್ಲಿಯವರೆಗೆ ಸುತ್ತಬೇಕಿತ್ತು.

ಆ ಕಾಯುವಿಕೆಯನ್ನು ಮುರಿದದ್ದು 1956ರ ಐಬಿಎಂ ರಾಮ್ಯಾಕ್, ಹಾರ್ಡ್ ಡಿಸ್ಕ್ ಇದ್ದ ಮೊದಲ ಕಂಪ್ಯೂಟರ್. ಅದರ ಡಿಸ್ಕ್ ಘಟಕದಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ತೂಕ ಒಂದು ಟನ್ನಿಗೂ ಹೆಚ್ಚು. ಅದು ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಇವತ್ತಿನ ಲೆಕ್ಕದಲ್ಲಿ ಸುಮಾರು 3.75 ಎಂಬಿ. ಅಂದರೆ ನಿಮ್ಮ ಮೊಬೈಲಿನಲ್ಲಿ ತೆಗೆದ ರಾಜಾಸೀಟಿನ ಒಂದು ಫೋಟೋ. ಆದರೂ ಯಾವ ತಟ್ಟೆಯ ಯಾವ ಜಾಗಕ್ಕಾದರೂ ಕೈ ನೇರವಾಗಿ ಹೋಗುತ್ತಿತ್ತು, ಒಂದು ಸೆಕೆಂಡಿನೊಳಗೆ ಉತ್ತರ ಸಿಗುತ್ತಿತ್ತು. ಬ್ಯಾಂಕು, ರೈಲ್ವೆ, ವಿಮಾನ ಟಿಕೆಟು ಎಲ್ಲವೂ ಕಂಪ್ಯೂಟರಿಗೆ ಬರಲು ಕಾರಣ ಜಾಗವಲ್ಲ, ಈ ನೇರ ಪ್ರವೇಶ.

ಟನ್ ಭಾರದ್ದು ಅಂಗೈಗೆ ಇಳಿದದ್ದು ಹೇಗೆ?

ತತ್ತ್ವ ಹೆಚ್ಚು ಬದಲಾಗಲೇ ಇಲ್ಲ. ಇವತ್ತಿಗೂ ತಟ್ಟೆ ತಿರುಗುತ್ತದೆ, ಹೆಡ್ ಅದರ ಮೇಲೆ ತೇಲುತ್ತದೆ. ಕಡಿಮೆಯಾದದ್ದು ತೇಲುವ ಎತ್ತರ. ಈಗ ಅದು ಕೆಲವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುತ್ತದೆ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಹೆಡ್ ಹತ್ತಿರವಾದಷ್ಟೂ ಗುರುತುಗಳನ್ನು ಚಿಕ್ಕದಾಗಿ ಒತ್ತೊತ್ತಾಗಿ ಬರೆಯಬಹುದು. ಹಾಗೆ ಬರೆದ ಗುರುತಿನ ಕಾಂತಬಲ ತೀರಾ ಕ್ಷೀಣವಾದ್ದರಿಂದ ಅದನ್ನು ಓದುವ ಸೂಕ್ಷ್ಮ ಸಂವೇದಕವೂ ಬೇಕಾಯಿತು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದ ದೈತ್ಯ ಕಾಂತರೋಧ ಎಂಬ ಪರಿಣಾಮ ಆ ದಾರಿ ತೆರೆಯಿತು. 1997ರ ಹೊತ್ತಿಗೆ ಅದು ಹಾರ್ಡ್ ಡಿಸ್ಕಿಗೆ ಬಂತು, 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಸಿಕ್ಕಿತು. ಅದೇ ವರ್ಷ ಹಿಟಾಚಿ ಮೊದಲ 1 ಟಿಬಿ ಡಿಸ್ಕನ್ನು ಮಾರುಕಟ್ಟೆಗೆ ತಂದಿತು.

ಸೈನ್ಯದಲ್ಲಿದ್ದವರು ಕೇಳುವ ಉಪಪ್ರಶ್ನೆ ಒಂದಿದೆ: ಲೇಹ್‌ನಲ್ಲಿ ಹಾರ್ಡ್ ಡಿಸ್ಕ್ ಯಾಕೆ ಕೈಕೊಡುತ್ತದೆ? ಹೆಡ್ ತೇಲುವುದು ಗಾಳಿಯ ಪದರದ ಮೇಲೆ, ಅಲ್ಲಿ ಗಾಳಿ ತೆಳು. ಸಾಮಾನ್ಯ ಡಿಸ್ಕುಗಳು ಸುಮಾರು 3,000 ಮೀಟರ್ ಎತ್ತರದವರೆಗೆ ಕೆಲಸ ಮಾಡುವಂತೆ ತಯಾರಾದವು, ಲೇಹ್ ಇರುವುದು 3,500 ಮೀಟರಿನಲ್ಲಿ. ನಮಗೆ ಆ ಚಿಂತೆ ಇಲ್ಲ, ತಡಿಯಂಡಮೋಳ್ ತುದಿಯೇ 1,748 ಮೀಟರ್. ನಮ್ಮ ಶತ್ರು ಬೇರೆ: ತೇವ, ಸಿಡಿಲು, ಪದೇ ಪದೇ ಹೋಗಿಬರುವ ಕರೆಂಟು.

1 ಟಿಬಿ ಎಂದು ಕೊಟ್ಟರು, ಕಂಪ್ಯೂಟರ್ 931 ಜಿಬಿ ತೋರಿಸುತ್ತಿದೆ. ಮೋಸ ಅಲ್ಲವೇ?

ಅಲ್ಲ. ತಯಾರಕರು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸಿ ಅದಕ್ಕೂ ಜಿಬಿ ಎಂದೇ ಹೆಸರಿಡುತ್ತದೆ. ಇರುವುದು ಅಷ್ಟೇ ಬೈಟು. 2 ಟಿಬಿ ಪೆನ್‌ಡ್ರೈವ್ ಐನೂರು ರೂಪಾಯಿಗೆ ಎಂದು ಆನ್‌ಲೈನಿನಲ್ಲಿ ಬರುತ್ತದಲ್ಲ, ಅದು ಮಾತ್ರ ಶುದ್ಧ ಮೋಸ. ಒಳಗಿನ ಚಿಪ್ ಸುಳ್ಳು ಗಾತ್ರ ಹೇಳುತ್ತದೆ, ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ.

ಮದುವೆಯ ಸಿಡಿ ಓದುತ್ತಿಲ್ಲ. ಹೊಳಪಿನ ಬದಿಯಲ್ಲಿ ಒಂದು ಗೀರೂ ಇಲ್ಲವಲ್ಲ?

ತಿರುಗಿಸಿ ಲೇಬಲ್ ಬದಿಯನ್ನು ನೋಡಿ. ಫಿಲಿಪ್ಸ್ ಮತ್ತು ಸೋನಿ 1982ರಲ್ಲಿ ಮಾರುಕಟ್ಟೆಗೆ ತಂದ ಸಿಡಿಯ ರಚನೆ ಹೀಗಿದೆ: ಕೆಳಗೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಬೆಳಕನ್ನು ಹಿಂದಕ್ಕೆಸೆಯುವ ತೆಳು ಲೋಹದ ಪದರ, ಅದರ ಮೇಲೆ ಬರೀ ಒಂದು ವಾರ್ನಿಷ್ ಮತ್ತು ಲೇಬಲ್. ಹಾಗಾಗಿ ಕೆಳಬದಿಯ ಗೀರನ್ನು ಪಾಲಿಶ್ ಮಾಡಬಹುದು, ಲೇಬಲ್ ಬದಿಯ ಗೀರು ನೇರ ಲೋಹಕ್ಕೇ ಬೀಳುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಸ್ವಲ್ಪ ವಾಸಿ.

ಸ್ಟುಡಿಯೋದವರು ಬರೆದುಕೊಟ್ಟದ್ದು ಅಂಗಡಿಯಲ್ಲಿ ಸಿಗುತ್ತಿದ್ದ ಹಾಡಿನ ಸಿಡಿಯಂಥದ್ದಲ್ಲ. ಹಾಡಿನ ಸಿಡಿಯಲ್ಲಿ ಗುಳಿಗಳನ್ನು ಅಚ್ಚು ಹಾಕಿರುತ್ತಾರೆ. ಬರೆಯುವ ಸಿಡಿಯಲ್ಲಿ ಇರುವುದು ಒಂದು ಬಣ್ಣದ ಪದರ, ಲೇಸರ್ ಅದನ್ನು ಅಲ್ಲಲ್ಲಿ ಸುಡುತ್ತದೆ. ಬಣ್ಣ ಬಿಸಿಲಿಗೆ ಮಾಸುತ್ತದೆ, ಅಂಚಿನಿಂದ ತೇವ ನುಗ್ಗಿದರೆ ಲೋಹದ ಪದರ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರಿನಲ್ಲಿ ಇದರ ಆಯುಷ್ಯ ಕವರಿನ ಮೇಲೆ ಬರೆದಷ್ಟಿರುವುದಿಲ್ಲ. ಬೇರೆ ಬೇರೆ ಕಂಪನಿಯ ಎರಡು ಮೂರು ಡ್ರೈವುಗಳಲ್ಲಿ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಓದಿದ ತಕ್ಷಣ ನಕಲು ಮಾಡಿಕೊಳ್ಳಿ, ನಾಳೆ ಮಾಡೋಣ ಎನ್ನಬೇಡಿ.

ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಮಕ್ಕಳ ಕಾಲಕ್ಕೂ ಇರುತ್ತದೆಯೇ?

ಇರುತ್ತದೆ ಎಂದು ನಂಬಿ ಇಡಬೇಡಿ. ಅತಿ ಹೆಚ್ಚು ಜನ ಎಡವುವ ಜಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕುವ ಚಿಪ್ಪಿನ ಡ್ರೈವ್), ಮೊಬೈಲಿನ ಒಳಗಿನ ಜಾಗ ಎಲ್ಲದರಲ್ಲೂ ಇರುವುದು ಫ್ಲ್ಯಾಶ್ ಮೆಮೊರಿ. ತೋಷಿಬಾದಲ್ಲಿ ಫುಜಿಯೋ ಮಸುಓಕಾ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಮೊದಲ ಬಗೆಯನ್ನು 1984ರಲ್ಲಿ, ಇವತ್ತು ಎಲ್ಲೆಡೆ ಬಳಸುವ ನ್ಯಾಂಡ್ ಬಗೆಯನ್ನು 1987ರಲ್ಲಿ ಜಗತ್ತಿನ ಮುಂದಿಟ್ಟರು. ಯುಎಸ್‌ಬಿ ಪೆನ್‌ಡ್ರೈವ್ ಅಂಗಡಿಗೆ ಬಂದದ್ದು 2000ದಲ್ಲಿ, 8 ಎಂಬಿ ಗಾತ್ರದಲ್ಲಿ. ಐದಾರು ಫ್ಲಾಪಿಗೆ ಸಮನಾದ ಅದನ್ನೇ ಆಗ ಅದ್ಭುತ ಎಂದು ಕಣ್ಣರಳಿಸಿ ನೋಡಿದ್ದರು.

ಫ್ಲ್ಯಾಶಿನಲ್ಲಿ ಕಾಂತವೂ ಇಲ್ಲ, ಗುಳಿಯೂ ಇಲ್ಲ. ಸುತ್ತಲೂ ವಿದ್ಯುತ್ ಹಾಯದ ಪದರವಿರುವ ಅತಿ ಪುಟ್ಟ ಕೋಣೆಯೊಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತಾರೆ. ಇದ್ದರೆ 0, ಇಲ್ಲದಿದ್ದರೆ 1, ಅದೇ ಒಂದು ಬಿಟ್. ಬರೆಯುವಾಗ ಅಳಿಸುವಾಗ ಎಲೆಕ್ಟ್ರಾನುಗಳು ಆ ಪದರವನ್ನು ಹಾಯ್ದು ಹೋಗಬೇಕು, ಪ್ರತಿಸಲವೂ ಅದು ಸ್ವಲ್ಪ ಸವೆಯುತ್ತದೆ. ಸವೆದ ಪದರದಿಂದ ಎಲೆಕ್ಟ್ರಾನುಗಳು ತಾವಾಗಿ ಸೋರುತ್ತವೆ, ಸೆಕೆ ಹೆಚ್ಚಿದ್ದರೆ ಬೇಗ ಸೋರುತ್ತವೆ. ಬೆಲೆ ಇಳಿಸಲೆಂದು ಈಗ ಒಂದೇ ಕೋಣೆಯಲ್ಲಿ ಮೂರು ಬಿಟ್ ಬರೆಯುತ್ತಾರೆ, ಅಂದರೆ ಎಂಟು ಬೇರೆ ಬೇರೆ ಮಟ್ಟಗಳನ್ನು ಗುರುತಿಸಬೇಕು. ನಾಲ್ಕು ಬಿಟ್ ಆದರೆ ಹದಿನಾರು ಮಟ್ಟ. ಸ್ವಲ್ಪ ಸೋರಿದರೂ ಒಂದು ಮಟ್ಟ ಪಕ್ಕದ್ದಾಗಿ ಕಾಣುತ್ತದೆ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಮಾನಕ ಸಂಸ್ಥೆ ಹಾಕಿರುವ ಕನಿಷ್ಠ ಷರತ್ತು ಕೇಳಿದರೆ ಅಚ್ಚರಿಯಾಗುತ್ತದೆ: ಬರೆಯುವ ಆಯುಷ್ಯವೆಲ್ಲ ಮುಗಿದ ಡ್ರೈವು, ಕರೆಂಟಿಲ್ಲದೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಡೇಟಾ ಹಿಡಿದಿದ್ದರೆ ಸಾಕು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ, ಹಾಗೆಂದು ತಲೆಮಾರುಗಳ ಭರವಸೆ ಅದರಲ್ಲಿಲ್ಲ.

ನಮ್ಮ ಜಿಲ್ಲೆಯ ತಂಪು ಇಲ್ಲಿ ಉಪಕಾರಿ, ತೇವ ಅಪಕಾರಿ. ಪೆನ್‌ಡ್ರೈವಿನ ತುದಿಗೆ ಕಿಲುಬು ಹತ್ತುವುದನ್ನು ನೀವೂ ನೋಡಿರುತ್ತೀರಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲಕ್ಕೆ ಮೊದಲು ಪೊಟ್ಟಣ ಬದಲಿಸಿ. ಅದಕ್ಕಿಂತ ಮುಖ್ಯವಾಗಿ ಪೆನ್‌ಡ್ರೈವನ್ನು ಸಾಗಿಸಲು ಬಳಸಿ, ಕಾಪಿಡಲು ಅಲ್ಲ.

ಹಾಗಾದರೆ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ?

ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಅದೊಂದನ್ನು ಹಾಕಿದರೆ ಹೊಸ ಜೀವ ಬರುತ್ತದೆ. ಜೀಪಿನ ಕುಲುಕಾಟಕ್ಕೂ ಅದು ತಡೆಯುತ್ತದೆ. ಎತ್ತಿಡುವ ನಕಲಿಗೆ ಈಗಲೂ ಹಾರ್ಡ್ ಡಿಸ್ಕೇ ಅಗ್ಗ. ಆರು ತಿಂಗಳಿಗೊಮ್ಮೆ ಓಡಿಸಿ, ಒಳಗಿನ ಫೈಲು ತೆರೆದು ನೋಡಿ.

ಟೇಪು ಸತ್ತುಹೋಯಿತಲ್ಲ?

ನಮ್ಮ ಕ್ಯಾಸೆಟ್ಟು ಸತ್ತಿತು, ಕಂಪ್ಯೂಟರಿನ ಟೇಪು ಸಾಯಲಿಲ್ಲ. ಎಲ್‌ಟಿಒ ಎಂಬ ಟೇಪು 2000ದಲ್ಲಿ 100 ಜಿಬಿಯಿಂದ ಶುರುವಾಯಿತು, 2021ರ ಒಂಬತ್ತನೇ ಪೀಳಿಗೆಯ ಒಂದೇ ಕಾರ್ಟ್ರಿಜ್ 18 ಟಿಬಿ ಹಿಡಿಯುತ್ತದೆ. 2011ರ ಫೆಬ್ರುವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಕೆಲವರ ಜಿಮೇಲ್ ಖಾತೆಗಳು ಬರಿದಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದ. ಡಿಸ್ಕುಗಳಲ್ಲಿ ಎಷ್ಟೇ ನಕಲಿದ್ದರೂ ದೋಷ ಎಲ್ಲ ನಕಲಿಗೂ ಹರಡಿತ್ತು. ಟೇಪು ನೆಟ್‌ವರ್ಕಿನಿಂದ ದೂರ, ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಆ ದೂರವೇ ಅದನ್ನು ಉಳಿಸಿತು. ತೋಟದ ಮನೆಗೆ ಟೇಪ್ ಡ್ರೈವ್ ಬೇಡ, ದುಬಾರಿ. ಆದರೆ ಯಾವಾಗಲೂ ವಯರಿಗೆ ಸಿಕ್ಕಿಸಿಯೇ ಇರುವ ನಕಲು ನಕಲೇ ಅಲ್ಲ ಎನ್ನುವ ಪಾಠ ನಮಗೂ ಬೇಕು.

ಹಳೆಯ ಚೆಕ್‌ರೋಲ್ (ತೋಟದ ಆಳುಗಳ ಹಾಜರಿ ಪಟ್ಟಿ) ಮತ್ತು ಕನ್ನಡ ಪತ್ರಗಳ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಟೊಪ್ಪಿಗೆ, ಬಾಲ ಹಚ್ಚಿದಂಥ ಗೀಚು ಬರುತ್ತಿದೆ. ವೈರಸ್ಸೇ?

ವೈರಸ್ ಅಲ್ಲ, ಡಿಸ್ಕೂ ಕೆಟ್ಟಿಲ್ಲ. ಹಿಂದೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದಾಗ ಫೈಲಿನೊಳಗೆ ಕೂರುತ್ತಿದ್ದದ್ದು ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳೇ. ಅವಕ್ಕೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಡುವ ಯೂನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಸಂಖ್ಯೆಗಳು ಸಿಕ್ಕಿದ್ದವು, ನಮ್ಮ ಕಚೇರಿಗಳಿಗೆ, ಡಿಟಿಪಿ ಅಂಗಡಿಗಳಿಗೆ ಅದು ಇಳಿಯಲು ಬಹಳ ಕಾಲ ಹಿಡಿಯಿತು. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷಿಗೆ 1. ಫ್ಲಾಪಿಯ ಕಾಲದಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿತ್ತು, ಈಗ ಲೆಕ್ಕಕ್ಕಿಲ್ಲ.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ ಮತ್ತು ಅರ್ಕಾವೊತ್ತುಗಳಲ್ಲಿ ತಪ್ಪು ನುಸುಳುತ್ತದೆ, ಒಮ್ಮೆ ಕಣ್ಣಾಡಿಸಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಬೈಟು ಉಳಿದರೆ ಸಾಲದು, ಅದನ್ನು ಓದುವ ವಿಧಾನವೂ ಉಳಿಯಬೇಕು ಎನ್ನುವುದಕ್ಕೆ ಕನ್ನಡಿಗರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಂಟರ್ನೆಟ್ ಅಂದರೆ ಹಳೆಯ ಟ್ರಂಕ್ ಕಾಲ್‌ಗಿಂತ ಮೂಲದಲ್ಲೇ ಬೇರೆ ಏನಿದೆ?

ಟ್ರಂಕ್ ಕಾಲ್‌ನಲ್ಲಿ ಮಡಿಕೇರಿಯಿಂದ ಮುಂಬೈವರೆಗೆ ಒಂದು ದಾರಿಯನ್ನೇ ನಿಮಗೆಂದು ಕಟ್ಟಿಕೊಡುತ್ತಿದ್ದರು, ನೀವು ಸುಮ್ಮನಿದ್ದರೂ ಅದು ನಿಮ್ಮದೇ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಪ್ರತ್ಯೇಕವಾಗಿ ಯೋಚಿಸಿದ್ದು ಬೇರೆ: ಮಾಹಿತಿಯನ್ನು ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ವಿಳಾಸ ಬರೆದು ಬಿಡುವುದು. ಸಂಪಾಜೆಯಲ್ಲಿ ಬರೆ (ರಸ್ತೆ ಬದಿಯ ಗುಡ್ಡ) ಕುಸಿದರೆ ಮಂಗಳೂರಿಗೆ ಹೊರಟವರು ಸೋಮವಾರಪೇಟೆ, ಬಿಸಲೆ ಎಂದು ಸುತ್ತಿಕೊಂಡಾದರೂ ಹೋಗುತ್ತಾರಲ್ಲ, ತುಂಡುಗಳೂ ಹಾಗೆಯೇ, ಸಿಕ್ಕ ದಾರಿಯಲ್ಲಿ ಹೋಗಿ ಆಚೆ ತುದಿಯಲ್ಲಿ ಮತ್ತೆ ಜೋಡಿಕೊಳ್ಳುತ್ತವೆ. 1969ರ ಅಕ್ಟೋಬರ್ 29ರಂದು ಅಮೆರಿಕದ ಪ್ರಯೋಗ ಜಾಲವಾದ ಅರ್ಪಾನೆಟ್ಟಿನಲ್ಲಿ ಮೊದಲ ಸಂದೇಶ ಹೋಯಿತು. ವಿಂಟ್ ಸರ್ಫ್, ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ವಿನ್ಯಾಸದಿಂದ ಬೆಳೆದ ಟಿಸಿಪಿ/ಐಪಿ ನಿಯಮಕ್ಕೆ ಆ ಜಾಲ 1983ರ ಜನವರಿ 1ರಂದು ಬದಲಾಯಿತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಭೌತವಿಜ್ಞಾನ ಕೇಂದ್ರ ಸರ್ನ್‌ನಲ್ಲಿ ಪ್ರಸ್ತಾಪಿಸಿದ ವೆಬ್ ಇದರ ಮೇಲೆ ಕೂತ ಪದರ. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಭಾರತದಲ್ಲಿ ಅರ್ನೆಟ್ 1986ರಿಂದ ವಿದ್ಯಾಸಂಸ್ಥೆಗಳನ್ನು ಜೋಡಿಸುತ್ತಿತ್ತು. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಮೊದಲು ಮಹಾನಗರಗಳಲ್ಲಿ. ಆಗಿನ ವೇಗ 9.6 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 9,600 ಬಿಟ್. ಒಂದು ಫ್ಲಾಪಿಯಷ್ಟು ಮಾಹಿತಿ ಇಳಿಯಲು, ಲೈನ್ ಕಡಿಯದಿದ್ದರೆ, ಇಪ್ಪತ್ತು ನಿಮಿಷ. ಒಂದು ಚೀಲ ಫ್ಲಾಪಿಯನ್ನು ಮೈಸೂರು ಬಸ್ಸಿನಲ್ಲಿ ಕೊಟ್ಟು ಕಳಿಸಿದರೆ ನೆಟ್‌ಗಿಂತ ಬೇಗ ತಲುಪುತ್ತಿದ್ದ ಕಾಲ ಅದು. ಈಗಲೂ ಹತ್ತಾರು ಟಿಬಿ ಸಾಗಿಸುವವರು ಡಿಸ್ಕನ್ನೇ ಪಾರ್ಸೆಲ್ ಮಾಡುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಹಳೆಯ ತಾಮ್ರದ ಲೈನಿನಲ್ಲಿ ಪೇಟೆಯವರಿಗೆ ನೆಟ್ ಚೆನ್ನಾಗಿತ್ತು, ತೋಟದವರಿಗೆ ಯಾಕೆ ಬರುತ್ತಿರಲಿಲ್ಲ?

ದೂರ. ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಶುರುಮಾಡಿದಾಗ 256 ಕೆಬಿಪಿಎಸ್ ಕೂಡ ದೊಡ್ಡದು. ಅದು ಬಳಸಿದ ಎಡಿಎಸ್‌ಎಲ್ ತಂತ್ರ, ಮಾತು ಹೋಗುವ ಅದೇ ತಂತಿಯಲ್ಲಿ, ಕಿವಿಗೆ ಕೇಳದ ಎತ್ತರದ ಕಂಪನಾಂಕಗಳಲ್ಲಿ ಡೇಟಾ ಕಳಿಸುತ್ತದೆ. ಕಂಪನಾಂಕ ಎತ್ತರವಾದಷ್ಟೂ ತಾಮ್ರದಲ್ಲಿ ಬೇಗ ಸಾಯುತ್ತದೆ. ಎಕ್ಸ್‌ಚೇಂಜಿನಿಂದ ಐದು ಕಿಲೋಮೀಟರ್ ಆಚೆ ಅದರಿಂದ ಏನೂ ದಕ್ಕುತ್ತಿರಲಿಲ್ಲ. ನಮ್ಮ ತೋಟಗಳು ಎಕ್ಸ್‌ಚೇಂಜಿನ ಪಕ್ಕದಲ್ಲೇನೂ ಇಲ್ಲ. ಸಾಲದ್ದಕ್ಕೆ ಮರಕ್ಕೆ ಕಟ್ಟಿದ ತಂತಿ, ನೀರು ಹೊಕ್ಕ ಜಾಯಿಂಟು.

ಆ ತಾಮ್ರಕ್ಕೆ ಒಂದು ದೊಡ್ಡ ಗುಣವಿತ್ತು, ಅದನ್ನು ಈಗ ಮರೆತಿದ್ದೇವೆ. ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತನ್ನು ಎಕ್ಸ್‌ಚೇಂಜಿನ ಬ್ಯಾಟರಿಯೇ ತಂತಿಯ ಮೂಲಕ ಕಳಿಸುತ್ತಿತ್ತು. ವಾರಗಟ್ಟಲೆ ಕರೆಂಟಿಲ್ಲದಿದ್ದರೂ ಮನೆಯ ಫೋನ್ ರಿಂಗಾಗುತ್ತಿತ್ತು. ಈಗ ತಾಮ್ರದ ಜಾಗಕ್ಕೆ ಬಂದಿರುವ ಫೈಬರ್, ಅಂದರೆ ಗಾಜಿನ ಎಳೆ, ವಿದ್ಯುತ್ತನ್ನು ಒಯ್ಯುವುದಿಲ್ಲ.

ಫೈಬರ್‌ಗೆ ಸಿಡಿಲಿನ ಭಯವಿಲ್ಲ ಎಂದರು. ಆದರೂ ಏಪ್ರಿಲ್ ಗುಡುಗಿಗೆ ಮನೆಯ ನೆಟ್ ಪೆಟ್ಟಿಗೆ ಸುಟ್ಟುಹೋಯಿತಲ್ಲ?

ಸಿಡಿಲು ಫೈಬರಿನಿಂದ ಬಂದಿಲ್ಲ, ನಿಮ್ಮದೇ ಕರೆಂಟು ಪ್ಲಗ್ಗಿನಿಂದ ಬಂದಿದೆ. ಅಥವಾ ಸಿಸಿಟಿವಿಗೆಂದು ಹೊರಗೆ ಎಳೆದ ಲ್ಯಾನ್ ಕೇಬಲಿನಿಂದ. ಹೂಮಳೆಯ ಹೊತ್ತಿನಿಂದ ಮುಂಗಾರು ಹಿಡಿಯುವವರೆಗೆ ಮೋಡ ಕಟ್ಟಿತೆಂದರೆ ಪ್ಲಗ್ ಕಳಚಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಫೈಬರಿನ ಕಥೆ ಸ್ವಾರಸ್ಯವಾಗಿದೆ. 1966ರಲ್ಲಿ ಚಾರ್ಲ್ಸ್ ಕಾವ್ ಹೇಳಿದ್ದು ಇಷ್ಟೇ: ಗಾಜಿನಲ್ಲಿ ಬೆಳಕು ಸಾಯುವುದು ಗಾಜಿನ ಗುಣದಿಂದಲ್ಲ, ಅದರ ಕೊಳೆಯಿಂದ. ಶುದ್ಧ ಮಾಡಿದರೆ ದೂರ ಹೋಗುತ್ತದೆ. ಒಂದು ಕಿಲೋಮೀಟರ್ ಆದಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು ಎನ್ನುವುದು ಆಗಿನ ಗುರಿ. ಕಾರ್ನಿಂಗ್ ಕಂಪನಿ 1970ರಲ್ಲಿ ಅದನ್ನು ದಾಟಿತು. ಈಗಿನ ಗಾಜಿನಲ್ಲಿ ಅದೇ ನೂರರಲ್ಲೊಂದು ಪಾಲು ಉಳಿಯುವುದು ನೂರು ಕಿಲೋಮೀಟರ್ ಆದಮೇಲೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್ ಎಂದು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಕಾವ್‌ಗೆ 2009ರಲ್ಲಿ ನೊಬೆಲ್ ಬಂತು.

ಎಕ್ಸ್‌ಚೇಂಜಿಗೂ ಮನೆಗೂ ನಡುವೆ ಈಗಿನ ಫೈಬರ್ ಜಾಲದಲ್ಲಿ ವಿದ್ಯುತ್ ಬೇಡುವ ಯಂತ್ರವೇ ಇಲ್ಲ. ಒಂದು ಎಳೆಯ ಬೆಳಕನ್ನು ಗಾಜಿನ ಕವಲುಗಳಲ್ಲಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಹಾಗಾಗಿ ಮನೆಯ ಪೆಟ್ಟಿಗೆಗೆ ಒಂದು ಚಿಕ್ಕ 12 ವೋಲ್ಟಿನ ಯುಪಿಎಸ್ ಕೊಟ್ಟರೆ ಕರೆಂಟು ಹೋದಾಗಲೂ ನೆಟ್ ಇರುತ್ತದೆ, ಆಚೆ ತುದಿಯಲ್ಲಿ ಬ್ಯಾಟರಿ ಇದ್ದರೆ. ಕೊಡಗಿನಲ್ಲಿ ದುಬಾರಿ ಪ್ಲಾನಿಗಿಂತ ಆ ಪುಟ್ಟ ಯುಪಿಎಸ್‌ಗೆ ದುಡ್ಡು ಹಾಕುವುದು ಜಾಣತನ.

ಮಳೆಗಾಲದಲ್ಲಿ ಮೊಬೈಲು, ಫೈಬರು ಎರಡೂ ಒಟ್ಟಿಗೆ ಹೋಗುತ್ತವೆ. ಎರಡು ಕಂಪನಿ ಇಟ್ಟುಕೊಂಡರೂ ಹೀಗೇ. ಯಾಕೆ?

ಕಂಪನಿ ಎರಡು ಇರಬಹುದು, ಕಂಬ ಒಂದೇ. ಮರ ಬಿದ್ದರೆ ಸೆಸ್ಕ್‌ನ ಕರೆಂಟು ಲೈನಿನ ಜೊತೆಗೆ ಅದೇ ಕಂಬಕ್ಕೆ ಕಟ್ಟಿದ ಎಲ್ಲ ಕೇಬಲ್ಲೂ ನೆಲಕ್ಕೆ. ಕರೆಂಟು ಹೋದಮೇಲೆ ಟವರು ಬ್ಯಾಟರಿಯಲ್ಲಿ ಕೆಲವು ಗಂಟೆ ಓಡುತ್ತದೆ, ಆಮೇಲೆ ಡೀಸೆಲ್ ತರಬೇಕು, ತರುವ ರಸ್ತೆಯಲ್ಲಿ ಮತ್ತೊಂದು ಮರ. ಫೈಬರಿಲ್ಲದ ಟವರುಗಳು ಬುಟ್ಟಿಯಂಥ ಮೈಕ್ರೋವೇವ್ ಆಂಟೆನಾದಿಂದ ಪರಸ್ಪರ ಮಾತಾಡುತ್ತವೆ. ಆ ಅಲೆಗಳ ಉದ್ದ ಸೆಂಟಿಮೀಟರ್ ಲೆಕ್ಕದಲ್ಲಿರುವುದರಿಂದ ಜಡಿಮಳೆ ಅವನ್ನು ನುಂಗುತ್ತದೆ. ಡಿಟಿಎಚ್ ಟಿವಿ ದೊಡ್ಡ ಮಳೆಗೆ ಹೋಗುವುದೂ ಇದೇ ಕಾರಣಕ್ಕೆ.

ದೊಡ್ಡ ಜಾಲಗಳನ್ನು ಉಂಗುರದ ಆಕಾರದಲ್ಲಿ ಕಟ್ಟುತ್ತಾರೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರಲಿ ಎಂದು. ಬಯಲುಸೀಮೆಯಲ್ಲಿ ಅದು ಸಲೀಸು. ಇಲ್ಲಿ ರೈಲು ಮಾರ್ಗವಿಲ್ಲ, ಕೇಬಲೆಲ್ಲ ರಸ್ತೆ ಬದಿಯಲ್ಲೇ ಬರಬೇಕು, ರಸ್ತೆಗಳೇ ಬೆರಳೆಣಿಕೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದಾಗ ಮಂಗಳೂರಿನ ದಾರಿ ಮುಚ್ಚಿದ್ದನ್ನು ನೋಡಿದ್ದೇವೆ. ಎರಡನೇ ಸಂಪರ್ಕ ತೆಗೆದುಕೊಳ್ಳುವ ಮೊದಲು ಕೇಳಬೇಕಾದ್ದು ಬೆಲೆಯಲ್ಲ: ನಿಮ್ಮ ಕೇಬಲ್ ಯಾವ ಕಡೆಯಿಂದ ಬರುತ್ತದೆ, ಯಾರ ಕಂಬದ ಮೇಲೆ? ಒಂದು ಫೈಬರು, ಇನ್ನೊಂದು ಬೇರೆ ದಿಕ್ಕಿನ ಟವರಿನ 4ಜಿ ಎಂದಿದ್ದರೆ ನೆಮ್ಮದಿ.

ಉಪಗ್ರಹದ ಇಂಟರ್ನೆಟ್ ನಮಗೆ ಪರಿಹಾರವೇ?

ಭಾಗಶಃ. ಹಳೆಯ ವಿಸ್ಯಾಟ್ ಡಿಶ್ಶಿನ ಸಂಪರ್ಕದಲ್ಲಿ ಉಪಗ್ರಹ 35,786 ಕಿಲೋಮೀಟರ್ ಮೇಲಿರುತ್ತದೆ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿಗೇ ಅರ್ಧ ಸೆಕೆಂಡು ಬೇಕು, ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುವುದು ಅದಕ್ಕೇ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯ ಉಪಗ್ರಹಗಳಲ್ಲಿ ಈ ತಡ ಇಲ್ಲ. ಆದರೆ ಅವು ಆಕಾಶದಲ್ಲಿ ಓಡಾಡುತ್ತಿರುವುದರಿಂದ ವಿಶಾಲವಾದ ತೆರೆದ ಬಾನು ಬೇಕು. ನಿಮ್ಮ ಮನೆಯ ಸುತ್ತ ಸಿಲ್ವರ್ ಓಕ್, ಹಲಸು, ನಂದಿ ಮರಗಳಿದ್ದರೆ ಡಿಶ್ ಇಡುವ ಜಾಗ ಕಾಫಿ ಕಣವೇ ಆಗುತ್ತದೆ.

ಹೋಂಸ್ಟೇಯ ಕಾಟೇಜ್ ಮನೆಯಿಂದ ನೂರೈವತ್ತು ಮೀಟರ್ ದೂರ. ಬೇಸಿಗೆಯಲ್ಲಿ ವೈ-ಫೈ ಸಿಗುತ್ತದೆ, ಮಳೆಗಾಲದಲ್ಲಿ ಇಲ್ಲ.

ಒದ್ದೆ ಎಲೆ ರೇಡಿಯೋ ಅಲೆಯನ್ನು ಹೀರುತ್ತದೆ, 5 ಗಿಗಾಹರ್ಟ್ಸ್ ಅಲೆಯನ್ನು 2.4ಕ್ಕಿಂತ ಹೆಚ್ಚಾಗಿ. ರಿಪೀಟರ್ ಮೇಲೆ ರಿಪೀಟರ್ ಹಾಕಿ ಹಣ ಕಳೆಯಬೇಡಿ. ಲ್ಯಾನ್ ಕೇಬಲ್ಲೂ ಬೇಡ: ಅದರ ಮಿತಿ 100 ಮೀಟರ್, ಮೇಲಾಗಿ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಒಂದು ಫೈಬರ್ ಎಳೆದು ಎರಡೂ ತುದಿಗೆ, ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಅದಲುಬದಲು ಮಾಡುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಪೈಪಿನೊಳಗೆ ಹೂತರೆ ಇನ್ನೂ ವಾಸಿ, ಕಾಡುಹಂದಿ ಅಗೆಯದಷ್ಟು ಆಳದಲ್ಲಿ.

ಈ ವೈ-ಫೈಯ ಅಜ್ಜ ಹುಟ್ಟಿದ್ದು ನಮ್ಮಂಥದೇ ತೊಂದರೆಯಿಂದ. ಹವಾಯಿ ದ್ವೀಪಗಳ ನಡುವೆ ಒಳ್ಳೆಯ ಟೆಲಿಫೋನ್ ಲೈನ್ ಇಲ್ಲವೆಂದು ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ರೇಡಿಯೋ ಮೂಲಕ ಕಂಪ್ಯೂಟರ್ ಜೋಡಿಸಿತು: ಎಲ್ಲರೂ ಒಂದೇ ಕಂಪನಾಂಕದಲ್ಲಿ ಮಾತಾಡುವುದು, ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಹೇಳುವುದು. ಬಾಬ್ ಮೆಟ್‌ಕಾಫ್ 1973ರಲ್ಲಿ ಇದೇ ಉಪಾಯವನ್ನು ಸುಧಾರಿಸಿ ತಂತಿಗೆ ತಂದಾಗ ಈಥರ್ನೆಟ್ ಆಯಿತು, 1997ರ ವೈ-ಫೈ ಮಾನಕ ಮತ್ತೆ ಗಾಳಿಗೆ ಒಯ್ದಿತು.

100 ಎಂಬಿಪಿಎಸ್ ಎಂದು ಹಣ ಕಟ್ಟುತ್ತೇನೆ, ಡೌನ್‌ಲೋಡ್ 12 ಎಂಬಿ ತೋರಿಸುತ್ತದೆ.

ಸರಿಯಾಗಿಯೇ ಇದೆ. ವೇಗ ಬಿಟ್‌ಗಳಲ್ಲಿ, ಫೈಲು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಎಂಟರಿಂದ ಭಾಗಿಸಿ.

ಗೂಗಲ್‌ನಲ್ಲಿ ಎಲ್ಲ ಫೋಟೋ ಇದೆ. ಇನ್ನೇಕೆ ಡಿಸ್ಕು?

ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿರುವ ಡಿಸ್ಕುಗಳೇ. ಅವರು ಒಂದನ್ನು ಹಲವು ಕಡೆ ನಕಲಿಸಿಡುತ್ತಾರೆ, ಆ ವಿಷಯದಲ್ಲಿ ನಿಮ್ಮ ನಮ್ಮ ಬೀರುವಿಗಿಂತ ಎಷ್ಟೋ ಪಾಲು ಭದ್ರ. ಆದರೆ ಮೊಬೈಲಿನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಏಕೆಂದರೆ ಅದು ಹೊಂದಿಸುವ ವ್ಯವಸ್ಥೆ, ಕಾಪಿಡುವುದಲ್ಲ. ಪಾಸ್‌ವರ್ಡ್ ಮರೆತರೆ, ಖಾತೆ ಬಹುಕಾಲ ಮುಟ್ಟದೆ ಬಿಟ್ಟರೆ, ಖಾತೆಯ ಯಜಮಾನರೇ ತೀರಿಕೊಂಡರೆ ಮನೆಯವರಿಗೆ ದಾರಿ ತಿಳಿಯುವುದಿಲ್ಲ. ಇದು ಅಂಗಡಿಗೆ ಬರುವ ಅತಿ ಸಂಕಟದ ಪ್ರಶ್ನೆ, ಮತ್ತು ಇದಕ್ಕೆ ನಮ್ಮ ಬಳಿ ಸ್ಕ್ರೂಡ್ರೈವರ್ ಇಲ್ಲ.

ಐನ್‌ಮನೆಯ (ಕುಲದ ಮೂಲಮನೆಯ) ಹಳೆಯ ಫೋಟೋ, ಜಮ್ಮಾ ಜಮೀನಿನ ಕಾಗದಪತ್ರ ಸ್ಕ್ಯಾನ್ ಮಾಡಿಸಿದ್ದೇವೆ. ಎಲ್ಲಿ ಇಡಬೇಕು?

ಮೂರು ಕಡೆ: ಮನೆಯ ಕಂಪ್ಯೂಟರ್, ಒಂದು ಹೊರಗಿನ ಹಾರ್ಡ್ ಡಿಸ್ಕ್, ಜಿಲ್ಲೆಯ ಹೊರಗೆ ಇನ್ನೊಂದು. ಮೂರನೆಯದು ಕ್ಲೌಡ್ ಆಗಬಹುದು, ಬೆಂಗಳೂರಿನಲ್ಲಿರುವ ಮಗಳ ಮನೆಯ ಕಪಾಟೂ ಆಗಬಹುದು. ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ, ಸೇರುವ ಹಬ್ಬಕ್ಕೆ ಪ್ರತಿವರ್ಷ ಬರುತ್ತಾರಲ್ಲ, ಆಗ ಡಿಸ್ಕ್ ಅದಲುಬದಲು ಮಾಡಿ. ಫೋಟೋಗೆ ಜೆಪೆಗ್ ಅಥವಾ ಟಿಫ್, ಕಾಗದಕ್ಕೆ ಪಿಡಿಎಫ್ ಸಾಕು, ಯಾವುದೋ ಒಂದು ಆ್ಯಪ್‌ನಲ್ಲಿ ಮಾತ್ರ ತೆರೆಯುವ ನಮೂನೆ ಬೇಡ. ಫೋಟೋದಲ್ಲಿ ಇರುವವರು ಯಾರು ಎನ್ನುವುದನ್ನು ಹಿರಿಯರಿರುವಾಗಲೇ ಕೇಳಿ ಫೈಲಿನ ಹೆಸರಲ್ಲೇ ಬರೆದಿಡಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಎಲ್ಲವನ್ನೂ ಸಾಗಿಸಿ. ಮೂಲ ಕಾಗದವನ್ನು ಎಸೆಯಬೇಡಿ. ಮೇಲೆ ಹೇಳಿದ ಯಾವ ವಸ್ತುವಿಗಿಂತಲೂ ಒಳ್ಳೆಯ ಕಾಗದ ಹೆಚ್ಚು ಬಾಳಿದೆ.

ಹಳೆಯ ಕಂಪ್ಯೂಟರ್ ಮಾರುವಾಗ ಫೈಲು ಡಿಲೀಟ್ ಮಾಡಿದರೆ ಸಾಕೇ?

ಸಾಲದು. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಎಂದರೆ ಸೂಚಿಯಿಂದ ಹೆಸರು ತೆಗೆದದ್ದು, ಒಳಗಿನದು ಹಾಗೇ ಇರುತ್ತದೆ. ಪೂರ್ತಿ ಮೇಲೊರೆಸಿ ಬರೆಸಿ, ಇಲ್ಲವೇ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಿ. ಎಸ್‌ಎಸ್‌ಡಿಗೆ ತಯಾರಕರದೇ ಅಳಿಸುವ ಆದೇಶವಿರುತ್ತದೆ, ಅದನ್ನೇ ಬಳಸಿ.

ಮನೆಗೆ ನೀರು ನುಗ್ಗಿ ಕಂಪ್ಯೂಟರ್ ಕೆಸರಾಗಿದೆ. ಒಣಗಿಸಿ ಆನ್ ಮಾಡಿ ನೋಡಲೇ?

ಬೇಡ. ಹಾರ್ಡ್ ಡಿಸ್ಕಿಗೆ ಕರೆಂಟು ಕೊಡಬೇಡಿ, ಬಿಸಿಲಿಗೆ, ಹೇರ್ ಡ್ರೈಯರ್‌ಗೆ, ಒಲೆಯ ಪಕ್ಕಕ್ಕೆ ಇಡಬೇಡಿ. ಕೆಸರು ಒಣಗಿ ತಟ್ಟೆಗೆ ಅಂಟಿದರೆ ಆಮೇಲೆ ತೆಗೆಯುವುದು ಕಷ್ಟ. ಡಿಸ್ಕನ್ನು ಬಿಚ್ಚದೆ, ಒದ್ದೆ ಬಟ್ಟೆಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಡೇಟಾ ರಿಕವರಿ ಮಾಡುವವರಿಗೆ ಬೇಗ ತಲುಪಿಸಿ. ಅವರು ಧೂಳಿಲ್ಲದ ಕೋಣೆಯಲ್ಲಿ ತೆರೆದು ತೊಳೆಯುತ್ತಾರೆ. ಖರ್ಚು ಹೆಚ್ಚು, ಆದ್ದರಿಂದ ಒಳಗಿರುವುದು ಅಷ್ಟು ಬೆಲೆಯದೇ ಎಂದು ಮೊದಲೇ ಯೋಚಿಸಿ. ಪೆನ್‌ಡ್ರೈವ್, ಮೆಮೊರಿ ಕಾರ್ಡಾದರೆ ಹೆದರಬೇಕಿಲ್ಲ: ಶುದ್ಧ ನೀರಿನಲ್ಲಿ ಕೆಸರು ತೊಳೆದು, ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ ಹಾಕಿ ನೋಡಿ, ಎಷ್ಟೋ ಸಲ ಓದುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ, ಅಕ್ಕಿಯ ಪುಡಿ ಪಿನ್ನುಗಳ ಸಂದಿಗೆ ಸೇರಿ ನಮಗೆ ಇನ್ನೊಂದು ಕೆಲಸ ಆಗುತ್ತದೆ ಅಷ್ಟೇ.